ದೋಸೆ ಹಿಟ್ಟಿನ ಕಾವು ಹಿಡಿದಿಡುವ ಬಗೆ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯಲ್ಲಿ ಏಪ್ರಿಲ್ ಮಧ್ಯಾಹ್ನ 37, 38 ಡಿಗ್ರಿ ಬಿಸಿಲು ಹೊಸದಲ್ಲ. ಡಿಸೆಂಬರ್ ಬೆಳಗಿನ ಜಾವಕ್ಕೆ ಅದೇ ಊರು 15ರ ಹತ್ತಿರ ಇಳಿಯುತ್ತದೆ. ಬೆಣ್ಣೆದೋಸೆಯ ಹಿಟ್ಟಿಗೆ ಮಾತ್ರ ವರ್ಷಪೂರ್ತಿ ಬೇಕಾದ್ದು ಒಂದೇ ಕಾವು: 28ರಿಂದ 30 ಡಿಗ್ರಿ. ಹಿಟ್ಟು ಉಬ್ಬದಿದ್ದರೆ ಬೇಳೆ ಹಳೆಯದು ಅನ್ನುತ್ತೇವೆ, ಹುಳಿ ಹೊಡೆದರೆ ಅಕ್ಕಿಯನ್ನು ಬೈಯುತ್ತೇವೆ. ಅದಕ್ಕೆ ಮುಂಚೆ ಕಾವು ಅಳೆಯಿರಿ. ಅಡುಗೆಮನೆಯದ್ದಲ್ಲ, ಹಿಟ್ಟಿನದ್ದು.

ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯೂಕನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಇಡ್ಲಿ ಹಿಟ್ಟಿನ ಮೇಲೆ 1965ರಲ್ಲಿ ಪ್ರಕಟವಾದ ಸಂಶೋಧನೆ ಇದನ್ನು ತೋರಿಸಿತು. ಬೇಳೆ, ಅಕ್ಕಿಯ ಜೊತೆಗೇ ಅದು ಬರುತ್ತದೆ. ಹುಳಿಯ ಜೊತೆ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತದೆ, ದೋಸೆಯಲ್ಲಿ ತೂತು ಬೀಳುವುದು ಅದರಿಂದ. ಹಿಟ್ಟು 35 ಡಿಗ್ರಿ ದಾಟಿತೆಂದರೆ ಬರೀ ಹುಳಿ ಮಾಡುವ ಬೇರೆ ಬ್ಯಾಕ್ಟೀರಿಯಾಗಳ ಕೈ ಮೇಲಾಗುತ್ತದೆ. 20ರ ಕೆಳಗೆ ಎಲ್ಲವೂ ಮಂದ. ಎಂಟು ಹತ್ತು ಗಂಟೆಯ ಕೆಲಸಕ್ಕೆ ಹದಿನೆಂಟು ಗಂಟೆಯೂ ಸಾಲದು.

ಒಂದು ಕಿಲೋ ಅಕ್ಕಿ, ಕಾಲು ಕಿಲೋ ಉದ್ದಿನಬೇಳೆ, ಎರಡು ಚಮಚ ಮೆಂತ್ಯ, ಮೂರು ನಾಲ್ಕು ಹಿಡಿ ಮಂಡಕ್ಕಿ ಎಂದಿಟ್ಟುಕೊಳ್ಳೋಣ. ಮಂಡಕ್ಕಿಯನ್ನು ರುಬ್ಬುವ ಹತ್ತು ನಿಮಿಷ ಮೊದಲು ನೆನೆಸಿದರೆ ಸಾಕು. ಎಡವುವುದು ಇಲ್ಲಿಂದಲೇ. ಮಿಕ್ಸಿಯಲ್ಲಿ ಒಂದೇ ಸಮ ತಿರುಗಿಸಿದರೆ ಹಿಟ್ಟು 40ಕ್ಕೂ ಹೋಗಬಹುದು. ದೊಡ್ಡ ಪಾತ್ರೆಯಲ್ಲಿ ಆ ಬಿಸಿ ತಾಸುಗಟ್ಟಲೆ ನಿಲ್ಲುತ್ತದೆ, ಅಷ್ಟರಲ್ಲಿ ಹುಳಿ ಶುರುವಾಗಿರುತ್ತದೆ. ಬೇಸಿಗೆಯಲ್ಲಿ ಫ್ರಿಜ್‌ನ ತಣ್ಣೀರು ಹಾಕಿ, ತಡೆತಡೆದು ರುಬ್ಬಿ. ಕಲ್ಲಿನ ಗ್ರೈಂಡರ್ ಅಷ್ಟು ಬಿಸಿ ಮಾಡದು. ಚಳಿಗಾಲದಲ್ಲಿ ಕೈಗೆ ಹಿತವಾದ ಬೆಚ್ಚನೆ ನೀರು. ರುಬ್ಬಿ ಮುಗಿದ ಕೂಡಲೇ ಕಡ್ಡಿ ಥರ್ಮಾಮೀಟರ್ ಇಳಿಸಿ. 29ರ ಆಸುಪಾಸು ಸಿಕ್ಕಿದರೆ ಅರ್ಧ ಕೆಲಸ ಆಯಿತು.

ಉಳಿದರ್ಧಕ್ಕೆ ಒಂದು ಪೆಟ್ಟಿಗೆ. ಮೀನು, ಔಷಧಿ ಸಾಗಿಸುವ ಥರ್ಮೊಕೋಲ್ ಪೆಟ್ಟಿಗೆ ಆಗುತ್ತದೆ. ಗೋಡೆ ಒಂದಿಂಚಿಗಿಂತ ತೆಳುವಾಗಿರಬಾರದು. ಒಳಗೆ 25 ವ್ಯಾಟ್‌ನ ಹಳೇ ತಂತಿ ಬಲ್ಬ್. ಎಲ್‌ಇಡಿ ಬೇಡ, ಅದರಲ್ಲಿ ಬೇಕಾದಷ್ಟು ಕಾವಿಲ್ಲ. ಬಲ್ಬಿನ ಸುತ್ತ ತೂತು ಹೊಡೆದ ತಗಡಿನ ಡಬ್ಬಿ ಮುಚ್ಚಿ, ಥರ್ಮೊಕೋಲಿನಿಂದ ನಾಲ್ಕು ಬೆರಳು ದೂರ ಇಡಿ. 100 ಡಿಗ್ರಿಯ ಹತ್ತಿರ ಬಂದರೆ ಥರ್ಮೊಕೋಲ್ ಮೆತ್ತಗಾಗಿ ಕುಸಿಯುತ್ತದೆ, ಬೆಂಕಿ ತಗುಲಿದರೆ ಬೇಗ ಹೊತ್ತಿಕೊಳ್ಳುತ್ತದೆ.

ಕಾವು ನೋಡಿಕೊಂಡು ಬಲ್ಬನ್ನು ತಾನೇ ಹಚ್ಚಿ ಆರಿಸಲು ಎಸ್‌ಟಿಸಿ 1000 ಥರದ ಕಂಟ್ರೋಲರ್ ಸಾಕು. ಮನೆಯಲ್ಲೇ ಬಿಯರ್ ಮಾಡುವ ದೇಶಗಳಲ್ಲಿ ಬಹಳ ಮಂದಿ ಬಳಸುವುದು ಇದನ್ನೇ. ಅವರಿಗೆ ಬೇಕಾದ ಕಾವು ಬೇರೆ, ಏಲ್ ಎಂಬ ಬಗೆಯ ಬಿಯರಿಗೆ 18ರಿಂದ 20. ಕಷ್ಟ ಮಾತ್ರ ಅವರಿಗೂ ನಮಗೂ ಒಂದೇ. ಕಂಟ್ರೋಲರಿನ ಕಾವು ಅಳೆಯುವ ಸೆನ್ಸರ್ ತಂತಿಯನ್ನು ಪೆಟ್ಟಿಗೆಯ ಗಾಳಿಯಲ್ಲಿ ತೂಗುಬಿಡುವವರೇ ಹೆಚ್ಚು. ಗಾಳಿ ಎರಡೇ ನಿಮಿಷದಲ್ಲಿ ಬಿಸಿಯಾಗುತ್ತದೆ, ಬಲ್ಬ್ ಆರುತ್ತದೆ, ಹಿಟ್ಟು ಇನ್ನೂ 22ರಲ್ಲೇ ಇರುತ್ತದೆ. ಹಿಟ್ಟಿನ ನಟ್ಟನಡುವೆ ಇಳಿಸಿದರೂ ಸರಿಯಿಲ್ಲ: ನಡುವಿಗೆ ಬಿಸಿ ಮುಟ್ಟುವ ಹೊತ್ತಿಗೆ ಅಂಚಿನ ಹಿಟ್ಟು 35 ದಾಟಿರುತ್ತದೆ. ಪಾತ್ರೆಯ ಹೊರಮೈಗೆ, ಹಿಟ್ಟಿನ ಅರ್ಧ ಎತ್ತರದಲ್ಲಿ, ಬಲ್ಬಿನ ಎದುರು ಬದಿಗೆ ಸೆನ್ಸರನ್ನು ಟೇಪಿನಿಂದ ಅಂಟಿಸಿ. ಅದರ ಮೇಲೆ ಅಂಗೈಯಗಲ ಥರ್ಮೊಕೋಲ್ ತುಂಡು ಒತ್ತಿ ಕಟ್ಟಿ. ಆಗ ಅದು ಓದುವುದು ಹಿಟ್ಟಿನ ಕಾವನ್ನು.

ಕಂಟ್ರೋಲರಿನಲ್ಲಿ ಬೇಕಾದ ಕಾವು ಹೇಳುವ ಎಫ್1ಕ್ಕೆ 29, ಎಷ್ಟು ಇಳಿದರೆ ಬಲ್ಬ್ ಹಚ್ಚಬೇಕೆಂದು ಹೇಳುವ ಎಫ್2ಕ್ಕೆ 0.5 ಕೊಡಿ. ಬಳಸುವ ಮೊದಲು ಸೆನ್ಸರನ್ನು ಪುಡಿ ಮಂಜುಗಡ್ಡೆ ಬೆರೆಸಿದ ನೀರಲ್ಲಿ ಐದು ನಿಮಿಷ ಅದ್ದಿ; ಸೊನ್ನೆ ತೋರಿಸದಿದ್ದರೆ ಎಷ್ಟು ತಪ್ಪೋ ಅಷ್ಟನ್ನು ಎಫ್4ರಲ್ಲಿ ತಿದ್ದಿ. 230 ವೋಲ್ಟ್‌ನ ತಂತಿಗಳು ಹಿಂಬದಿಯಲ್ಲಿ ಬಯಲಾಗಿರುತ್ತವೆ, ಎಲೆಕ್ಟ್ರಿಷಿಯನ್ ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿಕೊಳ್ಳಿ.

ಕರೆಂಟ್ ಹೋಗುತ್ತದೆ, ಅದು ಗೊತ್ತಿದ್ದದ್ದೇ. ಮುಚ್ಚಳ ತೆಗೆಯದಿದ್ದರೆ ಎರಡು ತಾಸಿಗೆ ಏನೂ ಆಗದು. ಹೆಚ್ಚಾದರೆ ಲೀಟರಿನ ಎರಡು ಬಾಟಲಿಗೆ ಸ್ನಾನದ ಬಿಸಿಯ ನೀರು ತುಂಬಿ ಪಕ್ಕದಲ್ಲಿಡಿ.

ಬೇಸಿಗೆಗೆ ಪೆಟ್ಟಿಗೆ ಅದೇ, ಬಲ್ಬಿನ ಬದಲು ಫ್ರೀಜರಿನ ಐಸ್ ಬಾಟಲಿ ಒಂದು. ಪೆಟ್ಟಿಗೆಯೇ ಇಲ್ಲದವರು ಹಿಟ್ಟಿನ ಮಟ್ಟದವರೆಗೆ ನೀರಿರುವ ಟಬ್ಬಿನಲ್ಲಿ ಪಾತ್ರೆಯಿಟ್ಟು, ಒದ್ದೆ ಬಟ್ಟೆ ಸುತ್ತಿ, ಅದರ ತುದಿ ನೀರಲ್ಲಿ ಮುಳುಗಿರಲಿ. ನಮ್ಮ ಒಣ ಏಪ್ರಿಲ್‌ಗೆ ಇದು ಒಳ್ಳೆಯ ಉಪಾಯ. ಜುಲೈನ ತೇವಕ್ಕೆ ಅಷ್ಟು ಫಲ ಕೊಡದು. ಉಪ್ಪು ಹುದುಗನ್ನು ತುಸು ತಡೆಯುತ್ತದೆ, ಹಾಗಾಗಿ ಬೇಸಿಗೆಯಲ್ಲಿ ರುಬ್ಬಿದಾಗಲೇ, ಚಳಿಯಲ್ಲಿ ಉಬ್ಬಿದ ಮೇಲೆ ಹಾಕಿ.

ಪಾತ್ರೆಗೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಮುಚ್ಚಳ ಬಿಗಿಯಬೇಡಿ. ಹಿಟ್ಟು ಒಂದೂವರೆ ಪಟ್ಟು ಏರಿ ಮೇಲ್ಮೈ ಗುಮ್ಮಟವಾದಾಗ ನಿಲ್ಲಿಸಿ. ನಡು ತಗ್ಗಿದರೆ ಹೊತ್ತು ಮೀರಿದೆ. ಮೀರಿದ ಹಿಟ್ಟಿಗೆ ಸೋಡಾ ಸುರಿದು ಹುಳಿ ಮುಚ್ಚುವುದು ಹೋಟೆಲಿನಲ್ಲೂ ಕಾಣುವ ರೂಢಿ, ಜಾಸ್ತಿಯಾದರೆ ದೋಸೆಗೆ ಹಳದಿ ಕಲೆ, ಸಾಬೂನಿನ ರುಚಿ. ಮೇಲೆ ಗುಲಾಬಿ ಅಥವಾ ಕಿತ್ತಳೆ ಬಣ್ಣ ಕಂಡರೆ ಪೂರಾ ಚೆಲ್ಲಿಬಿಡಿ, ತೆಗೆದು ಬಳಸುವ ಮಾತೇ ಬೇಡ.

ಹತ್ತು ಲೀಟರ್ ಪಾತ್ರೆಯನ್ನು ಹಾಗೇ ಫ್ರಿಜ್ಜಿಗೆ ತಳ್ಳಿದರೆ ನಡುವಿನ ಹಿಟ್ಟು ತಣ್ಣಗಾಗಲು ರಾತ್ರಿಯೆಲ್ಲ ಬೇಕು, ಅಷ್ಟೂ ಹೊತ್ತು ಅದು ಹುಳಿಯಾಗುತ್ತಲೇ ಇರುತ್ತದೆ. ಎರಡೆರಡು ಲೀಟರಿನ ಅಗಲ ಡಬ್ಬಿಗಳಿಗೆ ಹಂಚಿ, ನಡುವೆ ಗಾಳಿ ಆಡುವಷ್ಟು ಜಾಗ ಬಿಟ್ಟು ಇಡಿ. ಬೆಳಿಗ್ಗೆ ಹಂಚು ಕಾಯಿಸುವ ಅರ್ಧ ತಾಸು ಮೊದಲು ಒಂದೊಂದೇ ಡಬ್ಬಿ ಹೊರತೆಗೆಯಿರಿ.

ನಮಸ್ಕಾರ.