ಆಪರೇಷನ್ ಆಯ್ತು, ಊತ ಯಾಕೆ ಹೋಗಿಲ್ಲ?

ಕೇಳುಗರಿಗೆ ನಮಸ್ಕಾರ. ಹೋದ ತಿಂಗಳು ಅರಕಲಗೂಡು ಕಡೆಯ ಒಬ್ಬ ತಾಯಿ ಮಗನನ್ನು ಕರಕೊಂಡು ಬಂದಿದ್ದರು. ಪ್ಲಾಸ್ಟಿಕ್ ಕವರಿನಿಂದ ಮೂರು ಸ್ಕ್ಯಾನಿಂಗ್ ರಿಪೋರ್ಟ್ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದೊಂದರಲ್ಲೂ ಒಂದು ಸಂಖ್ಯೆಗೆ ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಮಗನ ಕಿಡ್ನಿಯ ಊತದ ಅಳತೆ ಅದು: ಆಪರೇಷನ್‌ಗೆ ಮುಂಚೆ 28 ಮಿಲಿಮೀಟರ್, ಆಪರೇಷನ್ ಆಗಿ ಮೂರು ತಿಂಗಳಿಗೆ 20, ಆರು ತಿಂಗಳಿಗೆ 22.

“ಡಾಕ್ಟ್ರೇ, ಊತ ಮತ್ತೆ ಜಾಸ್ತಿ ಆಯ್ತಲ್ಲ?”

ಆ ಹುಡುಗನಿಗೆ ಆಗಿದ್ದು ಪೈಲೋಪ್ಲಾಸ್ಟಿ. ಕಿಡ್ನಿಯಲ್ಲಿ ತಯಾರಾದ ಮೂತ್ರ ಮೊದಲು ಒಂದು ಸಣ್ಣ ಚೀಲಕ್ಕೆ ಬಂದು, ಅಲ್ಲಿಂದ ನಾಳಕ್ಕೆ ಇಳಿಯುತ್ತದೆ. ಎರಡೂ ಸೇರುವ ಜಾಗ ಹುಟ್ಟಿನಿಂದಲೇ ಇಕ್ಕಟ್ಟಾಗಿದ್ದರೆ ಮೂತ್ರ ಹಿಂದೆ ನಿಂತು ಕಿಡ್ನಿ ಊದಿಕೊಳ್ಳುತ್ತದೆ. ಇಕ್ಕಟ್ಟಾದ ತುಂಡನ್ನು ಕತ್ತರಿಸಿ ತೆಗೆದು, ನಾಳವನ್ನು ಚೀಲಕ್ಕೆ ಅಗಲವಾಗಿ ಹೊಲಿಯುತ್ತಾರೆ. ಆಂಡರ್ಸನ್ ಮತ್ತು ಹೈನ್ಸ್ ಎಂಬ ಸರ್ಜನ್‌ಗಳು 1949ರಲ್ಲಿ ವಿವರಿಸಿದ ವಿಧಾನ ಇದು. ನೂರರಲ್ಲಿ 90ಕ್ಕೂ ಹೆಚ್ಚು ಮಕ್ಕಳಿಗೆ ಗುಣ ಕೊಡುತ್ತದೆ.

ಮತ್ತೆ ಊತ? ಹಾಸನಾಂಬೆ ಜಾತ್ರೆಯಲ್ಲಿ ಕೊಂಡ ಬಲೂನನ್ನು ನಾಲ್ಕು ದಿನ ಊದಿಟ್ಟು ಗಾಳಿ ಬಿಟ್ಟು ನೋಡಿ. ಜೋಲು ಜೋಲಾಗಿ ಬಿದ್ದಿರುತ್ತದೆ, ಮೊದಲಿನ ಹಾಗೆ ಆಗೋದಿಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ ಹಿಗ್ಗಿದ ಚೀಲವೂ ಹಾಗೇ. ದಾರಿ ಬಿಟ್ಟಿದೆ, ಮೂತ್ರ ಸಲೀಸಾಗಿ ಇಳಿಯುತ್ತಿದೆ, ಚೀಲ ಮಾತ್ರ ಸಡಿಲ. ಅದು ಕುಗ್ಗಲು ತಿಂಗಳುಗಳು, ಕೆಲವೊಮ್ಮೆ ಒಂದೆರಡು ವರ್ಷವೇ ಬೇಕು. ಕೆಲವರಲ್ಲಿ ಸ್ವಲ್ಪ ಊತ ಕೊನೆಗೂ ಉಳಿದುಬಿಡುತ್ತದೆ, ತೊಂದರೆ ಕೊಡೋದಿಲ್ಲ. ಹೊಲಿದ ಜಾಗ ಮಾಯುವವರೆಗೆ ಮೂತ್ರ ಇಳಿಯಲಿ ಅಂತ ಒಳಗಿಟ್ಟ ಸಣ್ಣ ಕೊಳವೆಯನ್ನು, ಅಂದರೆ ಸ್ಟೆಂಟನ್ನು, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕೆ ತೆಗೆಯುತ್ತಾರೆ. ತೆಗೆದ ಹೊಸದರಲ್ಲಿ ಊತ ತುಸು ಏರಿದಂತೆ ಕಾಣುವುದೂ ಉಂಟು.

ನಾನು ಆ ತಾಯಿಯನ್ನು ಕೇಳಿದೆ, “ಅಮ್ಮಾ, ಸ್ಕ್ಯಾನಿಂಗ್‌ಗೆ ಮುಂಚೆ ಇವನು ಉಚ್ಚೆ ಹೊಯ್ದಿದ್ನಾ?” “ಇಲ್ಲ ಡಾಕ್ಟ್ರೇ, ಒಂದು ಬಾಟ್ಲಿ ನೀರು ಕುಡಿಸಿ ತಡಕೋ ಅಂದಿದ್ರು.” ಅಲ್ಲೇ ಇತ್ತು ನೋಡಿ! ಮೂತ್ರಕೋಶ ತುಂಬಿ ಬಿಗಿದಿದ್ದರೆ ಮೇಲಿನ ಚೀಲವೂ ದೊಡ್ಡದಾಗಿ ಕಾಣುತ್ತದೆ. ಹುಡುಗನನ್ನು ಬಾತ್‌ರೂಮಿಗೆ ಕಳಿಸಿ ಮತ್ತೆ ನೋಡಿಸಿದೆವು. 17 ಬಂತು. ಹಾಗಾಗಿ ಸಂಖ್ಯೆ ಹೋಲಿಸುವಾಗ ಪ್ರತಿಸಲವೂ ಉಚ್ಚೆ ಹೊಯ್ದ ಮೇಲಿನ ಅಳತೆಯನ್ನೂ ಕೇಳಿ.

ನನ್ನ ಮಟ್ಟಿಗೆ ಮಿಲಿಮೀಟರಿಗಿಂತ ರೀನೋಗ್ರಾಂ ರಿಪೋರ್ಟೇ ಮುಖ್ಯ. ಯಾವ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಪರೀಕ್ಷೆ ಅದು. ಎರಡು ಕಿಡ್ನಿಯ ಕೆಲಸ ಸೇರಿ ನೂರು ಅಂದರೆ, ಒಂದೊಂದರ ಪಾಲು ಸುಮಾರು 45ರಿಂದ 55 ಇರಬೇಕು. ಈ ಹುಡುಗನ ಊದಿದ ಕಿಡ್ನಿಯದು ಆಪರೇಷನ್‌ಗೆ ಮುಂಚೆ 38 ಇತ್ತು, ಈಗ 39. ಏರಿದ್ದು ಒಂದೇ ಅಲ್ವಾ ಅನ್ನಬೇಡಿ. ಇಳಿದಿಲ್ಲ, ಅದೇ ಗೆಲುವು. ಊತ ಸ್ಕ್ಯಾನಿಂದ ಸ್ಕ್ಯಾನಿಗೆ ಏರುತ್ತಲೇ ಹೋದರೆ, ಪಾಲು ಇಳಿದರೆ, ಚಳಿಜ್ವರ, ವಾಂತಿ, ಪಕ್ಕೆನೋವು ಬಂದರೆ ಮಾತ್ರ ತಡಮಾಡಬೇಡಿ.

ಆ ತಾಯಿ ನನ್ನ ಪೆನ್ನೇ ತಗೊಂಡು 22ನ್ನು ಹೊಡೆದು ಪಕ್ಕದಲ್ಲಿ 17 ಅಂತ ಬರೆದರು. ಆಮೇಲೆ, “ಮುಂದಿನ ಸ್ಕ್ಯಾನಿಂಗ್ ಯಾವಾಗ?” ಅಂದರು.