ಸಂಕೇತ ಹೆಣಾ ಸುಡತೈತೇನ್ರೀ?

ನಮಸ್ಕಾರ್ರೀ ಎಲ್ಲಾರಿಗೂ, ಧಾರವಾಡದಿಂದ. ಹೊರಗ ಜಡಿಮಳಿ ಹಿಡದೈತಿ, ನಡುವ ತಗಡಿನ ಸಪ್ಪಳ ಕೇಳಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ.

ಹೋದ ಎಪಿಸೋಡಿಗೆ ಒಬ್ರು ಕಮೆಂಟ್ ಹಾಕ್ಯಾರ: “ಮೇಡಂ, ‘ಸಂಸ್ಕಾರ’ದ ಚಂದ್ರಿ ಬರೇ ಸಂಕೇತ.” ಸಂಕೇತ! ನನಗ ರಾತ್ರಿ ನಿದ್ದಿ ಹತ್ತಲಿಲ್ಲ.

‘ಸಂಸ್ಕಾರ’ ಯು. ಆರ್. ಅನಂತಮೂರ್ತಿಯವರ 1965ರ ಕಾದಂಬರಿ. ಬ್ರಾಹ್ಮಣರ ಕಟ್ಟಳಿ ಮುರದ ನಾರಣಪ್ಪ ಸತ್ತಾನ, ಹೆಣಾ ಯಾರು ಸುಡಬೇಕಂತ ಇಡೀ ಅಗ್ರಹಾರ ಉಪವಾಸ ಕುಂತೈತಿ. ಖರ್ಚಿಗಂತ ಮೈಮ್ಯಾಲಿನ ಬಂಗಾರ ಬಿಚ್ಚಿಟ್ಟಾಕಿ ಯಾರು? ಅವನ ಜೋಡಿ ಬಾಳಿದ ಚಂದ್ರಿ. ಅಗ್ರಹಾರದ ದೊಡ್ಡ ಪಂಡಿತ ಪ್ರಾಣೇಶಾಚಾರ್ರು ಗ್ರಂಥ ತಿರುವಿದ್ರು, ಮಾರುತಿ ಗುಡಿಯೊಳಗ ಕುಂತ್ರು, ಪ್ರಸಾದ ಆಗಲಿಲ್ಲ. ಕಡೀಕ ಮೀನಿನ ವ್ಯಾಪಾರಿ ಅಹ್ಮದ್ ಬ್ಯಾರಿನ ಹಿಡದು ರಾತ್ರೋರಾತ್ರಿ ಹೆಣಾ ಸುಡಿಸಿ, ಕುಂದಾಪುರದ ದಾರಿ ಹಿಡದಾಕಿನೂ ಅಕಿನ. ಆಚಾರ್ರಿಗೆ ಇದು ಗೊತ್ತ ಇಲ್ಲ! ಅವರು ಒದ್ದಾಡಕೋತ ಊರೂರು ತಿರಗತಾರ. ಗಂಡಸು ಒದ್ದಾಡಿದ್ರ ಅಸ್ತಿತ್ವದ ಬಿಕ್ಕಟ್ಟು, ಹೆಂಗಸು ಕೆಲಸಾ ಮುಗಿಸಿದ್ರ ಸಂಕೇತ. ಸಂಕೇತ ಹೆಣಾ ಸುಡತೈತೇನ್ರೀ?

(1970ರ ಸಿನಿಮಾದಾಗ ಆಚಾರ್ರಾಗಿದ್ದವರು ನಮ್ಮ ಕಾರ್ನಾಡರು. ಊರ ಅಭಿಮಾನಕ್ಕ ನಾ ಬಾಯಿ ಮುಚ್ಚಾಕಿ ಅಲ್ಲ.)

ಇನ್ನೊಬ್ರು ಅಂತಾರ, ಆಚಾರ್ರ ಹೆಂಡತಿ ಭಾಗೀರಥಿ ಸಂಪ್ರದಾಯ, ಚಂದ್ರಿ ಅದರ ವಿರುದ್ಧ, ಅನಂತಮೂರ್ತಿಯವರು ಬೇಕಂತನ ಹಂಗ ಇಟ್ಟಾರ ಅಂತ. ಇಟ್ಟಾರ್ರೀ. ಹತ್ತು ಮಾರ್ಕಿಗೆ ನಾನೂ ಅದನ್ನ ಬರದು ಪಾಸಾಗೀನಿ. ಆದ್ರ ರೋಗದಾಗಿದ್ದ ಭಾಗೀರಥಿ “ಇನ್ನೊಂದು ಮದಿವಿ ಆಗ್ರಿ” ಅಂದ್ರೂ ಆಚಾರ್ರು ಒಲ್ಲೆಂದ್ರು. ರೋಗ ಆಕೀದು, ತ್ಯಾಗದ ಪುಣ್ಯ ಇವರದು! ಇದರಾಗ ಸಂಪ್ರದಾಯದ ಹೆಂಗಸು ಎಲ್ಲಿ ಬಂದ್ಲು?

ಇಂಗ್ಲಿಷ್ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ ನೋಡ್ರಿ. 1927ರ ‘ಟು ದಿ ಲೈಟ್‌ಹೌಸ್’ನ್ಯಾಗ ಮನಿತುಂಬ ಮಂದೀನ್ನ ಸಂಭಾಳಿಸಿದ ಮಿಸೆಸ್ ರಾಮ್ಸೆ ಸಾವು ಕಂಸದೊಳಗ, ಅಂದ್ರ ಬ್ರ್ಯಾಕೆಟ್ಟಿನೊಳಗ, ಮುಗದು ಹೋಗತೈತಿ. ಹೆಂಗಸರಿಗೆ ಚಿತ್ರಾ ತಗ್ಯಾಕ ಬರೂದಿಲ್ಲ ಅಂತ ಒಬ್ಬ ಗೊಣಗತಾನ, ಆದ್ರೂ ಲಿಲಿ ಬ್ರಿಸ್ಕೋ ಕಡೀಕ ತನ್ನ ಚಿತ್ರಾ ಮುಗಸತಾಳ. ಲಿಲಿ ಚಿತ್ರಾ ಮುಗಿಸಿದ್ಲು, ನಮ್ಮ ಚಂದ್ರಿ ಹೆಣದ ಕೆಲಸಾ ಮುಗಿಸಿದ್ಲು. ಕೆಲಸಾರೀ ಸರ, ಕೆಲಸಾ!

ನಮ್ಮ ಧಾರವಾಡದ ವೀಣಾ ಶಾಂತೇಶ್ವರ ಕಾದಂಬರಿಗೆ ‘ಗಂಡಸರು’ ಅಂತನ ಹೆಸರಿಟ್ರು. ಅದಕ್ಕ ಬ್ಯಾರೆ ಎಪಿಸೋಡ್ ಐತಿ. ಸಬ್‌ಸ್ಕ್ರೈಬ್ ಮಾಡ್ರಿ, ಗಂಟಿ ಒತ್ತರಿ, ನಿಮ್ಮ ವೈನಿಯವರಿಗೂ ಕಳಸ್ರಿ.

ಇನ್ನೂ ಎರಡು ಪಾಯಿಂಟ್ ಬರಕೊಂಡಿದ್ದೆ. ಒಂದು... ನನ್ನ ಅಕ್ಷರಾ ನನಗ ತಿಳೀವಲ್ದು. ಹೋಗ್ಲಿ ಬಿಡ್ರಿ. ಚಂದ್ರಿ ಹೆಣಾ ಸುಡಿಸಿದ್ಲು, ಅಷ್ಟ!

ಮತ್ತ ಕಮೆಂಟ್ ಹಾಕಿದ ಸರ, ನಿಮ್ಮ ಮನ್ಯಾಗ ಮುಂಜಾನೆ ರೊಟ್ಟಿ ಬಡಿಯೂದು ಯಾರು, ಸಂಕೇತಾನ? ಉತ್ತರ ಕೆಳಗ ಬರೀರಿ. ಉದ್ದ ಬರದ್ರ ನಾ ಓದೂದಿಲ್ಲ.