ಕುದುರೆಗೂ ವಂಶಾವಳಿ: ಚೆಸ್ಟರ್, ಗೋಶೆನ್ ಕಡೆ ಒಂದು ದಿನ

ನಮಸ್ಕಾರ ಎಲ್ಲರಿಗೂ.

ಈಗ ಸ್ಕ್ರೀನ್ ಮೇಲೆ ಕಾಣಿಸ್ತಾ ಇರುವ ಕಲ್ಲಿನ ಕಂಬ ಒಂದು ಸಮಾಧಿ. ಮನುಷ್ಯರದ್ದಲ್ಲ, ಕುದುರೆಯದ್ದು. ನ್ಯೂಯಾರ್ಕ್ ರಾಜ್ಯದ ಆರೆಂಜ್ ಕೌಂಟಿಯಲ್ಲಿ ಚೆಸ್ಟರ್ ಅಂತ ಒಂದು ಸಣ್ಣ ಊರಿದೆ, ಅಲ್ಲಿನದು. ಕುದುರೆಯ ಹೆಸರು ಹ್ಯಾಂಬಲ್ಟೋನಿಯನ್. ಹುಟ್ಟಿದ್ದು 1849ರಲ್ಲಿ, ಇಲ್ಲೇ ಪಕ್ಕದ ಶುಗರ್ ಲೋಫ್‌ನಲ್ಲಿ. ತೀರಿಕೊಂಡಿದ್ದು 1876ರಲ್ಲಿ. ಈ ಕಂಬ ನಿಲ್ಲಿಸಿದ್ದು 1893ರಲ್ಲಿ.

ಅಷ್ಟು ದೊಡ್ಡ ಕಂಬ ಕಟ್ಟಿಸಿದ್ದಾರೆ ಅಂದರೆ ಎಷ್ಟು ರೇಸ್ ಗೆದ್ದಿರಬೇಕು ಅಂದ್ಕೊಂಡ್ರಾ? ಇವನು ರೇಸ್ ಓಡಿದ್ದೇ ಇಲ್ಲ ಅನ್ನಬಹುದು. 1852ರಲ್ಲಿ ಒಂದು ಸಲ ಗಡಿಯಾರ ಹಿಡಿದು ಓಡಿಸಿ ನೋಡಿದ್ದರು. ಮೈಲಿಗೆ 2 ನಿಮಿಷ 48 ಸೆಕೆಂಡ್ ಚಿಲ್ಲರೆ. ಅಷ್ಟೇ ಇವನ ಟ್ರ್ಯಾಕ್ ಸಾಧನೆ.

ನ್ಯೂಜೆರ್ಸಿಯ ನಮ್ಮ ಮನೆಯಿಂದ ಈ ಕಡೆ ಬರುವುದು ಸುಲಭ. ಈ ಸಲ ಅಪ್ಪನೂ ಜೊತೆಗಿದ್ದಾರೆ, ಬಾಗಲಕೋಟೆ ಕಡೆಯವರು. ಚಿಕ್ಕಂದಿನಿಂದ ಗಾಡಿ ಶರ್ಯತ್ತು ನೋಡಿ ಬೆಳೆದವರು. ಅಮೆರಿಕದಲ್ಲಿ ಮಾಲ್, ಜಲಪಾತ ಎಲ್ಲಾ ತೋರಿಸಿದರೂ ಇಷ್ಟು ಉತ್ಸಾಹ ಬಂದಿರಲಿಲ್ಲ. ಕುದುರೆ ಗಾಡಿ ರೇಸ್ ಅಂದ ತಕ್ಷಣ ಬೆಳಿಗ್ಗೆ ಐದಕ್ಕೇ ಎದ್ದು ಶೂ ಹಾಕಿಕೊಂಡು ಕೂತಿದ್ದರು.

ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡ್ತೀನಿ. ಹಾರ್ನೆಸ್ ರೇಸ್‌ನಲ್ಲಿ ಕುದುರೆಯ ಮೇಲೆ ಜಾಕಿ ಕೂರುವುದಿಲ್ಲ. ಹಿಂದೆ ಎರಡು ಚಕ್ರದ ಹಗುರವಾದ ಗಾಡಿ ಇರುತ್ತೆ. ಅದಕ್ಕೆ ಸಲ್ಕಿ ಅಂತಾರೆ, ಅದರಲ್ಲಿ ಡ್ರೈವರ್ ಕೂರುತ್ತಾನೆ. ಕುದುರೆ ಎಷ್ಟೇ ಜೋರಾಗಿ ಹೋಗಲಿ, ನಾಗಾಲೋಟಕ್ಕೆ ಬೀಳುವಂತಿಲ್ಲ. ಬಿದ್ದರೆ ಲಗಾಮು ಎಳೆದು, ಮತ್ತೆ ಸರಿಯಾದ ಹೆಜ್ಜೆಗೆ ತರಬೇಕು. ಅಷ್ಟರಲ್ಲಿ ಬೇರೆಯವರು ಮುಂದೆ ಹೋಗಿರುತ್ತಾರೆ. ಹೆಜ್ಜೆಯಲ್ಲೂ ಎರಡು ಬಗೆ. ಮುಂದಿನ ಎಡಗಾಲು, ಹಿಂದಿನ ಬಲಗಾಲು ಒಟ್ಟಿಗೆ ಎತ್ತಿದರೆ ಟ್ರಾಟ್. ಒಂದೇ ಕಡೆಯ ಎರಡೂ ಕಾಲು ಒಟ್ಟಿಗೆ ಎತ್ತಿದರೆ ಪೇಸ್. ಎರಡಕ್ಕೂ ಬೇರೆ ಬೇರೆ ರೇಸ್.

ಈಗ ನಾವು ಗೋಶೆನ್‌ನಲ್ಲಿದ್ದೀವಿ. ಚೆಸ್ಟರ್‌ನಿಂದ ಹತ್ತು ನಿಮಿಷದ ದಾರಿ. ಈ ಅರ್ಧ ಮೈಲಿಯ ಟ್ರ್ಯಾಕ್‌ಗೆ ಹಿಸ್ಟಾರಿಕ್ ಟ್ರ್ಯಾಕ್ ಅಂತಲೇ ಹೆಸರು, 1838ರಿಂದ ಇದೆ. ಬೇಲಿ ಪಕ್ಕ ನಿಂತು ನೋಡಿ. ಪೇಸರ್ ಕುದುರೆಯ ಕಾಲಿಗೆ ಉದ್ದನೆಯ ಪಟ್ಟಿ ಹಾಕಿದ್ದಾರಲ್ವಾ? ಒಂದು ಬಳೆ ಮುಂಗಾಲಿಗೆ, ಇನ್ನೊಂದು ಅದೇ ಕಡೆಯ ಹಿಂಗಾಲಿಗೆ. ಹೆಜ್ಜೆ ತಪ್ಪದಿರಲಿ ಅಂತ. ದೂರದಿಂದ ಏನೂ ಗೊತ್ತಾಗಲ್ಲ. ಹತ್ತಿರ ಬಂದಾಗ ಮಾತ್ರ ಗೊರಸಿನ ಸದ್ದಿನ ಜೊತೆ ಆ ಪಟ್ಟಿಯ ಚಟ್ ಚಟ್ ಅನ್ನುವ ಸದ್ದೂ ಕೇಳುತ್ತೆ. ಕುದುರೆ ದಾಟಿ ಹೋದ ಮೇಲೆ ಟ್ರ್ಯಾಕಿನ ಧೂಳೆಲ್ಲಾ ನಮ್ಮ ಮೇಲೇ. ಅಪ್ಪ ಮುಖ ಒರೆಸಿಕೊಳ್ಳಲಿಲ್ಲ, ಕುದುರೆ ತಿರುವು ದಾಟುವವರೆಗೂ ಅದರ ಕಾಲನ್ನೇ ನೋಡ್ತಾ ನಿಂತಿದ್ದರು.

ಟ್ರ್ಯಾಕ್ ಪಕ್ಕದಲ್ಲೇ ಹಾರ್ನೆಸ್ ರೇಸಿಂಗ್ ಮ್ಯೂಸಿಯಂ ಇದೆ. ಅಲ್ಲಿ ಸುತ್ತಾಡುವಾಗ ನನಗೆ ಅನಿಸಿದ್ದು ಒಂದೇ. ಜನ ನೆನಪಿಟ್ಟುಕೊಂಡ ಕುದುರೆಗಳ ಪಟ್ಟಿ ಬೇರೆ, ರಕ್ತದಲ್ಲಿ ಉಳಿದ ಕುದುರೆಗಳ ಪಟ್ಟಿ ಬೇರೆ. ಎರಡರಲ್ಲೂ ಹೆಸರಿರುವವರು ಕಡಿಮೆ.

ಹ್ಯಾಂಬಲ್ಟೋನಿಯನ್‌ನಿಂದಲೇ ಶುರು ಮಾಡೋಣ. ಇವನ ಅಪ್ಪ ಅಬ್ದುಲ್ಲಾ. ನೋಡಲು ಚೆಂದ ಇರಲಿಲ್ಲ, ಸಿಟ್ಟು ಬೇರೆ. ಕೊನೆಗಾಲದಲ್ಲಿ ಅವನನ್ನು 35 ಡಾಲರಿಗೆ ಮೀನು ಮಾರುವವನೊಬ್ಬನಿಗೆ ಮಾರಿದರಂತೆ. ಅಬ್ದುಲ್ಲಾ ಅವನ ಮೀನಿನ ಗಾಡಿಯನ್ನು ಒದ್ದು ಪುಡಿ ಮಾಡಿದನಂತೆ. ಆಮೇಲೆ ಲಾಂಗ್ ಐಲೆಂಡ್‌ನ ಸಮುದ್ರ ದಂಡೆಯಲ್ಲಿ ಯಾರೂ ನೋಡಿಕೊಳ್ಳುವವರಿಲ್ಲದೆ, ಹೊಟ್ಟೆಗಿಲ್ಲದೆ ಸತ್ತ ಅಂತ ಕಥೆ. ಅವನ ಮಗನಿಗೆ ಇಷ್ಟೆತ್ತರದ ಕಂಬ!

ಮ್ಯೂಸಿಯಂನಲ್ಲಿ ನಾನು ಈ ವಂಶದ ಕಥೆ ವಿವರಿಸ್ತಾ ಇದ್ದೆ. ಅಪ್ಪ ಸುಮ್ನೆ ಕೇಳಿಸಿಕೊಂಡು ಕೊನೆಗೆ ಕೇಳಿದರು, “ಅಪ್ಪಂದು, ಅಜ್ಜಂದು ಎಲ್ಲಾ ಹೇಳಿದಿ. ಅವ್ವನ ಹೆಸರ ಏನು?”

ಅವ್ವನಿಗೆ ಹೆಸರಿಲ್ಲ. ದಾಖಲೆಯಲ್ಲಿ ಇರುವುದು “ಚಾರ್ಲ್ಸ್ ಕೆಂಟ್ ಮೇರ್”. ಅಂದರೆ ಚಾರ್ಲ್ಸ್ ಕೆಂಟ್ ಅನ್ನುವವನ ಹೆಣ್ಣು ಕುದುರೆ. ಕುಂಟುತ್ತಿದ್ದ ಕುದುರೆ ಅದು. ಜೋನಸ್ ಸೀಲಿ ಅನ್ನುವ ರೈತ ಅದನ್ನೂ ಅದರ ಮರಿಯನ್ನೂ ಸೇರಿಸಿ 125 ಡಾಲರಿಗೆ ತನ್ನ ಆಳು ವಿಲಿಯಂ ರೈಸ್‌ಡಿಕ್‌ಗೆ ಮಾರಿದ. ಆಳಿಗೆ ಅದೇ ದೊಡ್ಡ ದುಡ್ಡು. ಮುಂದೆ ಆ ಮರಿಯನ್ನು ಒಂದು ಸಲ ಹೆಣ್ಣು ಕುದುರೆಗೆ ಬಿಡಲು 500 ಡಾಲರ್ ಕೇಳುವ ಹಾಗಾಯಿತು. ಸೀಲಿ ಎಷ್ಟು ಸಲ ಹಣೆ ಚಚ್ಚಿಕೊಂಡನೋ!

ಆ ಹೆಸರಿಲ್ಲದ ತಾಯಿಯ ಕಡೆಯಿಂದ ಬಂದ ರಕ್ತ ಸಾಮಾನ್ಯದ್ದಲ್ಲ. 1788ರಲ್ಲಿ ಇಂಗ್ಲೆಂಡಿನಿಂದ ಫಿಲಡೆಲ್ಫಿಯಾಕ್ಕೆ ಹಡಗಿನಲ್ಲಿ ಬಂದ ಬೂದು ಬಣ್ಣದ ಕುದುರೆ, ಮೆಸೆಂಜರ್. ಹ್ಯಾಂಬಲ್ಟೋನಿಯನ್‌ಗೆ ಅಪ್ಪನ ಕಡೆ ಮುತ್ತಜ್ಜ ಅವನೇ. ತಾಯಿಯ ಕಡೆ ಇನ್ನೂ ಒಂದು ತಲೆಮಾರು ಹಿಂದೆ ಹೋದರೆ ಅಲ್ಲಿ ಎರಡು ಸಲ ಅವನೇ. ತಾಯಿಯ ತಾಯಿಗೆ ಒಂದೇ ಕಣ್ಣು, ಅವಳನ್ನು ಕರೀತಾ ಇದ್ದದ್ದೇ “ಒನ್ ಐ” ಅಂತ. ಅವಳ ಅಪ್ಪ, ಅಮ್ಮ ಇಬ್ಬರೂ ಮೆಸೆಂಜರ್ ಮಕ್ಕಳು. ಒಂಟಿ ಕಣ್ಣಿನ ಅಜ್ಜಿ, ಕುಂಟು ತಾಯಿ, ಮೂಲೆಗುಂಪಾದ ಅಪ್ಪ. ಸಂತೆಯಲ್ಲಿ ಯಾರೂ ತಿರುಗಿ ನೋಡದ ಮನೆತನ ಇದು.

ಹ್ಯಾಂಬಲ್ಟೋನಿಯನ್‌ಗೆ ಸಾವಿರದ ಮುನ್ನೂರಕ್ಕೂ ಜಾಸ್ತಿ ಮರಿಗಳು. ಅವುಗಳಲ್ಲಿ ನಾಲ್ಕು ಗಂಡು ಮಕ್ಕಳ ಹೆಸರು ನೆನಪಿಟ್ಟುಕೊಳ್ಳಿ: ಜಾರ್ಜ್ ವಿಲ್ಕ್ಸ್, ಡಿಕ್ಟೇಟರ್, ಹ್ಯಾಪಿ ಮೀಡಿಯಂ, ಇಲೆಕ್ಷನೀರ್. ಇವತ್ತು ಅಮೆರಿಕದಲ್ಲಿ ಗಾಡಿ ಎಳೆದು ಓಡುವ ಕುದುರೆಗಳ ಗಂಡು ಸಾಲು ಹಿಡಿದು ಹಿಂದಕ್ಕೆ ಹೋದರೆ ಹೆಚ್ಚುಕಮ್ಮಿ ಎಲ್ಲಾ ಈ ನಾಲ್ವರಲ್ಲಿ ಒಬ್ಬರ ಬಳಿ ಬಂದು ನಿಲ್ಲುತ್ತವೆ. 1879ರಲ್ಲಿ ಒಂದು ನಿಯಮ ಮಾಡಿದರು. ಒಂದು ಮೈಲಿಯನ್ನು ಎರಡೂವರೆ ನಿಮಿಷದೊಳಗೆ ಟ್ರಾಟ್ ಮಾಡಿದರೆ, ಇಲ್ಲಾ ಅಂಥ ಮಕ್ಕಳನ್ನು ಕೊಟ್ಟರೆ ಮಾತ್ರ ತಳಿ ಪುಸ್ತಕದಲ್ಲಿ ಜಾಗ. ಹೀಗೆ ಸ್ಟ್ಯಾಂಡರ್ಡ್‌ಬ್ರೆಡ್ ತಳಿ ಬಂತು. ಬಣ್ಣ ನೋಡಲಿಲ್ಲ, ಎತ್ತರ ನೋಡಲಿಲ್ಲ, ಗಡಿಯಾರ ನೋಡಿದರು.

ಈಗ ಇನ್ನೊಂದು ಪಟ್ಟಿ. ಜನ ಮೈಮರೆತು ಪ್ರೀತಿಸಿದವರು.

ಮೊದಲು ಗೋಲ್ಡ್‌ಸ್ಮಿತ್ ಮೇಡ್. 1857ರಲ್ಲಿ ಹುಟ್ಟಿದ ಹೆಣ್ಣು ಕುದುರೆ, ಹ್ಯಾಂಬಲ್ಟೋನಿಯನ್‌ಗೆ ಮೊಮ್ಮಗಳು. 1874ರಲ್ಲಿ 2 ನಿಮಿಷ 14 ಸೆಕೆಂಡಿನ ದಾಖಲೆ ಮಾಡಿದಾಗ ಅವಳಿಗೆ 17 ವರ್ಷ. ಕುದುರೆಗೆ ಅದು ಅಜ್ಜಿ ವಯಸ್ಸು. 20ನೇ ವಯಸ್ಸಿನವರೆಗೂ ಓಡಿದಳು. ಆದರೆ ಅವಳಿಂದ ದೊಡ್ಡ ವಂಶ ಬೆಳೆಯಲಿಲ್ಲ.

ಆಮೇಲೆ ಡ್ಯಾನ್ ಪ್ಯಾಚ್. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದಲ್ಲಿ ಈ ಹೆಸರು ಗೊತ್ತಿಲ್ಲದ ಮಗು ಇರಲಿಲ್ಲ ಅನ್ನಬಹುದು. 1896ರಲ್ಲಿ ಇಂಡಿಯಾನಾದ ಆಕ್ಸ್‌ಫರ್ಡ್ ಅನ್ನುವ ಊರಲ್ಲಿ ಹುಟ್ಟಿದಾಗ ಕಾಲು ಸೊಟ್ಟ. ದೊಡ್ಡವನಾಗಿ ಒಂದು ರೇಸೂ ಸೋಲಲಿಲ್ಲ. 1902ರ ಕೊನೆಗೆ ಮಿನ್ನಿಯಾಪೊಲಿಸ್‌ನ ಮೇರಿಯನ್ ಸ್ಯಾವೇಜ್ ಅನ್ನುವ ಪಶು ಆಹಾರದ ವ್ಯಾಪಾರಿ ಇವನನ್ನು 60,000 ಡಾಲರಿಗೆ ಕೊಂಡ. ವ್ಯಾಪಾರಿ ಅಂದರೆ ವ್ಯಾಪಾರಿ. ಕುದುರೆಯ ಹೆಸರಲ್ಲಿ ಸಿಗಾರ್, ಒಲೆ, ಆಟಿಕೆ ಎಲ್ಲಾ ಮಾರಾಟವಾದವು. 1906ರಲ್ಲಿ ಮಿನ್ನೆಸೋಟಾ ರಾಜ್ಯದ ಜಾತ್ರೆಯಲ್ಲಿ 1 ನಿಮಿಷ 55 ಸೆಕೆಂಡಿಗೆ ಮೈಲಿ ಮುಗಿಸಿದ. ಮುಂದೆ ಓಡುತ್ತಿದ್ದ ಗಾಡಿಗೆ ಗಾಳಿ ತಡೆಯುವ ಬಟ್ಟೆ ಕಟ್ಟಿದ್ದರು ಅಂತ ಅದನ್ನು ಅಧಿಕೃತವಾಗಿ ಒಪ್ಪಲಿಲ್ಲ. ಜನ ಒಪ್ಪಿಕೊಂಡರು, ಅದು ಬೇರೆ ಮಾತು.

1916ರ ಜುಲೈ 11ರಂದು ಡ್ಯಾನ್ ಪ್ಯಾಚ್ ಸತ್ತ. ಮಾರನೇ ದಿನ ಸ್ಯಾವೇಜ್ ಕೂಡ ಹೋದ. ಅವನ ಫಾರ್ಮ್ ಇದ್ದ ಊರಿಗೆ ಇವತ್ತಿಗೂ ಸ್ಯಾವೇಜ್ ಅಂತಲೇ ಹೆಸರು. ಇಷ್ಟೆಲ್ಲಾ ಆದರೂ ಬೀಜದ ಕುದುರೆಯಾಗಿ ಡ್ಯಾನ್ ಪ್ಯಾಚ್ ನಿರಾಸೆ ಮಾಡಿದ. ಅವನ ಮಕ್ಕಳು ಅವನಂತೆ ಓಡಲಿಲ್ಲ.

ನನಗೆ ಎಲ್ಲರಿಗಿಂತ ಇಷ್ಟ ಗ್ರೇಹೌಂಡ್. ಬೂದು ಕುದುರೆ, ಮರಿಯಿದ್ದಾಗ 900 ಡಾಲರಿಗೆ ಹರಾಜಾದವನು. ಬೀಜ ತೆಗೆಸಿದ್ದರು. 1935ರಲ್ಲಿ ಇದೇ ಗೋಶೆನ್‌ನಲ್ಲಿ ಹ್ಯಾಂಬಲ್ಟೋನಿಯನ್ ಸ್ಟೇಕ್ಸ್ ಗೆದ್ದ. ಟ್ರಾಟ್ ಕುದುರೆಗಳಿಗೆ ಅದಕ್ಕಿಂತ ದೊಡ್ಡ ರೇಸ್ ಅಮೆರಿಕದಲ್ಲಿಲ್ಲ. 1938ರಲ್ಲಿ ಲೆಕ್ಸಿಂಗ್ಟನ್‌ನಲ್ಲಿ 1 ನಿಮಿಷ 55¼ ಸೆಕೆಂಡ್. ಅದನ್ನು ಮುರಿಯಲು ನೆವೆಲೆ ಪ್ರೈಡ್ ಬರಬೇಕಾಯಿತು, 1969ರಲ್ಲಿ. ಮೂವತ್ತೊಂದು ವರ್ಷ ನಿಂತ ದಾಖಲೆ! ಆದರೆ ವಂಶಾವಳಿಯ ಯಾವ ಹಾಳೆಯಲ್ಲೂ ಅವನು ಯಾರಿಗೂ ಅಪ್ಪ ಅಲ್ಲ. ನೆನಪಿಟ್ಟುಕೊಂಡರೆ ನಾವೇ ಇಟ್ಟುಕೊಳ್ಳಬೇಕು.

ಕಾರ್ಡಿಗನ್ ಬೇ ಕೂಡ ಹಾಗೇ, ಬೀಜ ತೆಗೆಸಿದವನು. ನ್ಯೂಜಿಲೆಂಡಿನ ದಕ್ಷಿಣ ತುದಿಯ ಸೌತ್‌ಲ್ಯಾಂಡಿನವನು. ಅಪಘಾತದಲ್ಲಿ ಸೊಂಟದ ಮೂಳೆಗೆ ಪೆಟ್ಟು ಬಿದ್ದು, ಒಂದು ಕಡೆ ಇಳಿಬಿದ್ದಿತ್ತು. ಎಂಟು ವರ್ಷದ ಆ ಕುದುರೆಯನ್ನು ಸ್ಟ್ಯಾನ್ಲಿ ಡ್ಯಾನ್ಸರ್ ಅನ್ನುವ ಅಮೆರಿಕದ ಡ್ರೈವರ್ ತಮ್ಮ ದೇಶಕ್ಕೆ ತಂದರು. 1966ರಲ್ಲಿ ಯಾಂಕರ್ಸ್ ಟ್ರ್ಯಾಕ್‌ನಲ್ಲಿ ಎದುರಿಗೆ ಬ್ರೆಟ್ ಹ್ಯಾನೋವರ್. ಬ್ರೆಟ್ ಅಂದರೆ ಆ ಕಾಲದ ರಾಜ, 68 ರೇಸ್‌ನಲ್ಲಿ 62 ಗೆದ್ದವನು. ಅವನಿಗೆ ನಾಲ್ಕು ವರ್ಷ, ಇವನಿಗೆ ಹತ್ತು. ಗೆದ್ದಿದ್ದು ಹತ್ತು ವರ್ಷದವನು. ಮುಂದಿನ ಸಲ ಎದುರಾದಾಗ ಬ್ರೆಟ್ ಸೇಡು ತೀರಿಸಿಕೊಂಡ, ಅದೂ ನಿಜ. 1968ರಲ್ಲಿ ಕಾರ್ಡಿಗನ್ ಬೇ ಹತ್ತು ಲಕ್ಷ ಡಾಲರ್ ಗಳಿಸಿದ ಮೊದಲ ಸ್ಟ್ಯಾಂಡರ್ಡ್‌ಬ್ರೆಡ್ ಕುದುರೆಯಾದ. ಅವನ ದೇಶ ಅವನ ಚಿತ್ರದ ಅಂಚೆ ಚೀಟಿ ತಂದಿತು.

ಎರಡೂ ಪಟ್ಟಿಯಲ್ಲಿ ಹೆಸರು ಬರುವವರೂ ಇದ್ದಾರೆ. ಪೇಸರ್‌ಗಳಲ್ಲಿ ಮೆಡೋ ಸ್ಕಿಪ್ಪರ್ ತಾನೂ ಓಡಿದ, ಮಗ ಆಲ್ಬಟ್ರಾಸ್ ಓಡಿದ, ಮೊಮ್ಮಗ ನಯಾಟ್ರಾಸ್ ಅಂತೂ 1980ರಲ್ಲಿ ಲೆಕ್ಸಿಂಗ್ಟನ್‌ನಲ್ಲಿ 1 ನಿಮಿಷ 49 ಸೆಕೆಂಡ್ ಚಿಲ್ಲರೆಗೆ ಮೈಲಿ ಮುಗಿಸಿ, 1:50ರ ಗೋಡೆ ಒಡೆದ ಮೊದಲ ಕುದುರೆ. ಅದೇ ವರ್ಷ ಒಂದು ರೇಸಲ್ಲಿ ಒಳಗಿನ ಕಂಬಿ ಮೇಲೆ ಉರುಳಿ ಬಿದ್ದಿದ್ದ. 39 ರೇಸ್‌ನಲ್ಲಿ ಸೋತಿದ್ದು ಎರಡೇ.

ಇಷ್ಟು ತಲೆಮಾರು ಈ ಹೆಜ್ಜೆ ಹೇಗೆ ಉಳಿಯಿತು ಅಂತ ವಿಜ್ಞಾನಿಗಳು ಹುಡುಕಿದ್ದಾರೆ. ಸ್ವೀಡನ್ನಿನ ಲೀಫ್ ಆಂಡರ್‌ಸನ್ ಅವರ ತಂಡ 2012ರಲ್ಲಿ ಡಿಎಂಆರ್‌ಟಿ3 ಅನ್ನುವ ಜೀನ್‌ನಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ ಗುರುತಿಸಿತು. ಬೆನ್ನುಹುರಿಯಲ್ಲಿ ಕಾಲುಗಳ ತಾಳ ನೋಡಿಕೊಳ್ಳುವ ನರಕೋಶಗಳಿಗೆ ಸಂಬಂಧಿಸಿದ್ದು. ಆ ಬದಲಾವಣೆ ಇರುವ ಕುದುರೆಗೆ ವೇಗ ಹೆಚ್ಚಿದರೂ ನಾಗಾಲೋಟಕ್ಕೆ ಬೀಳದೆ ಹೆಜ್ಜೆ ಹಿಡಿಯುವುದು ಸುಲಭ. ಜೀನ್ ಅನ್ನುವ ಮಾತು ಹುಟ್ಟುವ ಮೊದಲೇ ಆರೆಂಜ್ ಕೌಂಟಿಯ ರೈತರು ಗಡಿಯಾರ ಹಿಡಿದು ಅದನ್ನೇ ಆರಿಸ್ತಾ ಬಂದಿದ್ದರು.

ಮ್ಯೂಸಿಯಂನಿಂದ ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅಪ್ಪ ಹೆಳವರ ನೆನಪು ತೆಗೆದರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಮನೆ ಮುಂದೆ ಬಂದು, ಆ ಮನೆತನದ ಹಿರಿಯರ ಹೆಸರೆಲ್ಲಾ ಬಾಯಲ್ಲೇ ಹೇಳುತ್ತಿದ್ದರಲ್ಲ, ಅವರು. “ಇವಕ್ಕೂ ಒಬ್ಬ ಹೆಳವ ಬೇಕ್ನೋಡು” ಅಂದರು. ಸರಿ, ನಾನೇ ಹೆಳವನ ಕೆಲಸ ಮಾಡಿದೆ. 2009ರ ಹ್ಯಾಂಬಲ್ಟೋನಿಯನ್ ಸ್ಟೇಕ್ಸ್ ಗೆದ್ದ ಮಸಲ್ ಹಿಲ್‌ನಿಂದ ಶುರು. ಒಂದೇ ಉಸಿರಲ್ಲಿ ಹೇಳ್ತೀನಿ, ಕೇಳಿ.

ಮಸಲ್ ಹಿಲ್‌ನ ಅಪ್ಪ ಮಸಲ್ಸ್ ಯಾಂಕಿ. ಅವನ ಅಪ್ಪ ವ್ಯಾಲಿ ವಿಕ್ಟರಿ. ಬಾಲ್ಟಿಕ್ ಸ್ಪೀಡ್. ಸ್ಪೀಡಿ ಸೊಮೊಲ್ಲಿ. ಸ್ಪೀಡಿ ಕ್ರೌನ್. ಸ್ಪೀಡಿ ಸ್ಕಾಟ್. ಸ್ಪೀಡ್‌ಸ್ಟರ್. ರಾಡ್ನಿ. ಸ್ಪೆನ್ಸರ್ ಸ್ಕಾಟ್. ಸ್ಕಾಟ್ಲೆಂಡ್. ಪೀಟರ್ ಸ್ಕಾಟ್. ಪೀಟರ್ ದ ಗ್ರೇಟ್. ಪೈಲಟ್ ಮೀಡಿಯಂ. ಹ್ಯಾಪಿ ಮೀಡಿಯಂ. ಹ್ಯಾಂಬಲ್ಟೋನಿಯನ್.

ಹದಿನೈದು ತಲೆಮಾರು, ಎಲ್ಲಾ ಗಂಡು. ಅಪ್ಪ ಕೇಳಿದ ಪ್ರಶ್ನೆ ಇಲ್ಲೂ ಹಾಗೇ ಉಳಿಯುತ್ತೆ. ಪ್ರತಿ ಹೆಸರಿನ ಪಕ್ಕ ಒಬ್ಬಳು ತಾಯಿ ಇದ್ದಾಳಲ್ಲ, ಅವಳ ಓಟ ಎಲ್ಲಿ ಹೋಯಿತು? ಈ ಸ್ಟೇಕ್ಸ್‌ನಲ್ಲಿ ಗಂಡು ಮರಿಗಳ ಜೊತೆ ಓಡಿ ಗೆದ್ದ ಹೆಣ್ಣು ಮರಿಗಳಿದ್ದಾರೆ. 2018ರಲ್ಲಿ ಅಟ್ಲಾಂಟಾ, 2020ರಲ್ಲಿ ರಮೋನಾ ಹಿಲ್. ರಮೋನಾ ಇದೇ ಮಸಲ್ ಹಿಲ್‌ನ ಮಗಳು. ಅದಕ್ಕೂ ಮೊದಲು ಮೋನಿ ಮೇಕರ್ ಅನ್ನುವವಳು ಕಡಲು ದಾಟಿ ಹೋಗಿ 1998ರಲ್ಲಿ ಸ್ವೀಡನ್ನಿನ ಎಲಿಟ್‌ಲಾಪ್, 1999ರಲ್ಲಿ ಪ್ಯಾರಿಸ್‌ನ ಪ್ರಿ ದಾಮೆರಿಕ್ ಎರಡೂ ರೇಸ್ ಗೆದ್ದು ಬಂದಳು. ಗಂಡು ಸಾಲು ಮಾತ್ರ ಹೇಳುವ ಹೆಳವ ಇವರನ್ನೆಲ್ಲಾ ಬಿಟ್ಟೇ ಬಿಡುತ್ತಾನೆ.

ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆ ಇರುವ ನಮ್ಮವರಿಗೆ ಒಂದು ಮಾತು. ಹ್ಯಾಂಬಲ್ಟೋನಿಯನ್ ಸ್ಟೇಕ್ಸ್ 1981ರಿಂದ ನಮ್ಮ ನ್ಯೂಜೆರ್ಸಿಯ ಮೆಡೋಲ್ಯಾಂಡ್ಸ್ ಟ್ರ್ಯಾಕ್‌ನಲ್ಲೇ ನಡೆಯುತ್ತೆ, ಆಗಸ್ಟ್ ಶುರುವಿನಲ್ಲಿ. ಕುದುರೆ ಮೇಲೆ ದುಡ್ಡು ಕಟ್ಟಲೇಬೇಕು ಅಂತೇನಿಲ್ಲ. ನಾವು ಕಟ್ಟಲ್ಲ, ಅಪ್ಪನಿಗೆ ಅದು ಆಗಿಬರಲ್ಲ. ಕೈಗೆ ರೇಸ್ ಪುಸ್ತಕ ಬಂದರೆ ಪ್ರತಿ ಕುದುರೆಯ ಹೆಸರಿನ ಜೊತೆ ಮೊದಲು ಅಪ್ಪನ ಹೆಸರು, ಆಮೇಲೆ ಅಮ್ಮನ ಹೆಸರು ಇರುತ್ತೆ. ಎರಡನೆಯ ಹೆಸರು ಓದಿ, ಅವಳು ಯಾರು, ಎಲ್ಲಿ ಓಡಿದ್ದಳು ಅಂತ ಫೋನಲ್ಲಿ ಹುಡುಕಿ. ಒಳ್ಳೆಯ ಕಥೆ ಸಿಕ್ಕಿದರೆ ಕೆಳಗೆ ಬರೆದು ಹಾಕಿ, ಅಪ್ಪನಿಗೆ ಓದಿ ಹೇಳ್ತೀನಿ.